ಓರಲ್ ಸೆಕ್ಸ್ ಮತ್ತು ಆರೋಗ್ಯ: ಕರಾವಳಿಯವರೂ ಘಟ್ಟದ ಮೇಲಿನವರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಭಟ್ಕಳದಿಂದ ಕಾರವಾರದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ ಓರಲ್ ಸೆಕ್ಸ್, ಅಂದರೆ ಬಾಯಿಂದ ಮಾಡುವ ಸೆಕ್ಸ್ ಬಗ್ಗೆ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಕಾಮೆಂಟಿನಲ್ಲಿ, ಕೆಲವನ್ನು ಎದುರಿಗೇ ಕೇಳಿದರು, ಅದೂ ಬೇರೆ ಏನೋ ಮಾತಾಡಿ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಸರು, ಊರು ತೆಗೆದಿದ್ದೇನೆ. ಇದನ್ನು ಓದಿ ನೀವೇ ರೋಗ ತೀರ್ಮಾನ ಮಾಡಬೇಡಿ, ನೀವೇ ಮಾತ್ರೆ ನುಂಗಬೇಡಿ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

## ಮೊದಲ ಪ್ರಶ್ನೆಗಳು

ಓರಲ್ ಸೆಕ್ಸ್‌ನಿಂದ ರೋಗ ಬರ್ತದಾ? ಅದು ಸೇಫ್ ಅಂತಲೇ ಎಲ್ರೂ ಹೇಳ್ತಾರಲ್ಲ?

ಬರುತ್ತದೆ. ಗೊನೊರಿಯಾ, ಸಿಫಿಲಿಸ್ ಅನ್ನುವ ಬ್ಯಾಕ್ಟೀರಿಯಾ ಸೋಂಕುಗಳು, ಹರ್ಪಿಸ್, ಎಚ್‌ಪಿವಿ ಅನ್ನುವ ವೈರಸ್ ಸೋಂಕುಗಳು ಬಾಯಿಂದ ಗುಪ್ತಾಂಗಕ್ಕೆ, ಗುಪ್ತಾಂಗದಿಂದ ಬಾಯಿಗೆ ಆರಾಮಾಗಿ ದಾಟುತ್ತವೆ. ಕ್ಲಮೈಡಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಸೋಂಕು ಕೂಡ ದಾಟುತ್ತದೆ, ಆದರೆ ಗಂಟಲಲ್ಲಿ ಅದು ಸ್ವಲ್ಪ ಕಡಿಮೆ. "ಸೇಫ್" ಅನ್ನುವ ಮಾತು ಹುಟ್ಟಿದ್ದು ಎರಡು ಕಾರಣಕ್ಕೆ. ಒಂದು, ಇದರಿಂದ ಗರ್ಭ ನಿಲ್ಲುವುದಿಲ್ಲ. ಇನ್ನೊಂದು, ಎಚ್‌ಐವಿ ಹರಡುವ ಸಾಧ್ಯತೆ ತೀರಾ ಕಡಿಮೆ. ಎರಡೂ ನಿಜ. ಆದರೆ ನಮ್ಮಲ್ಲಿ ಲೈಂಗಿಕ ರೋಗ ಅಂದರೆ ಏಡ್ಸ್ ಒಂದೇ ಅನ್ನುವ ಹಾಗೆ ಗೋಡೆ ಬರಹ ಬರೆದು ಬರೆದು, ಉಳಿದದ್ದೆಲ್ಲ ಜನರಿಗೆ ಮರೆತೇ ಹೋಗಿದೆ.

ಹಾಗಾದ್ರೆ ಎಚ್‌ಐವಿ? ಗೋಕರ್ಣಕ್ಕೆ ಹೋದಾಗ ಒಂದ್ ಸಲ ಆಯ್ತು. ಆವತ್ತಿಂದ ನಿದ್ದೆ ಬರ್ತಾ ಇಲ್ಲ

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಓರಲ್ ಸೆಕ್ಸ್‌ನಿಂದ ಎಚ್‌ಐವಿ ಬರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊಲ್ಲಿನಿಂದ ಅದು ಹರಡುವುದಿಲ್ಲ. ಜೊಲ್ಲಿನಲ್ಲಿ ಆ ವೈರಸ್ಸನ್ನು ತಡೆಯುವ ಅಂಶಗಳೂ ಇವೆ. ಹಾಗಂತ ಪೂರ್ತಿ ಸೊನ್ನೆ ಅಂತ ಬರೆದುಕೊಡುವುದಕ್ಕೂ ಆಗುವುದಿಲ್ಲ. ಬಾಯಲ್ಲಿ ಹುಣ್ಣಿದ್ದು, ವಸಡಿನಿಂದ ರಕ್ತ ಬರುತ್ತಿದ್ದು, ಬಾಯೊಳಗೆ ವೀರ್ಯ ಅಥವಾ ಮುಟ್ಟಿನ ರಕ್ತ ಹೋಗಿದ್ದರೆ ಅಪಾಯ ಸ್ವಲ್ಪ ಏರುತ್ತದೆ. ನೀವು ಬಾಯಿಂದ ಮಾಡಿಸಿಕೊಂಡವರಾಗಿದ್ದರೆ ಇನ್ನೂ ಕಡಿಮೆ. ಒಂದು ಟೆಸ್ಟ್ ಮಾಡಿಸಿ, ನಿದ್ದೆ ಮಾಡಿ. ತಮಾಷೆ ಏನೆಂದರೆ ಇಂಥ ಭಯದಲ್ಲಿ ಎಚ್‌ಐವಿ ಟೆಸ್ಟ್ ಒಂದನ್ನೇ ಮಾಡಿಸಿ, ನೆಗೆಟಿವ್ ಬಂತು ಅಂತ ಖುಷಿಯಾಗಿ ಮನೆಗೆ ಹೋಗುತ್ತಾರೆ. ಬರುವ ಸಾಧ್ಯತೆ ನಿಜಕ್ಕೂ ಜಾಸ್ತಿ ಇದ್ದ ಸಿಫಿಲಿಸ್, ಗೊನೊರಿಯಾಗಳನ್ನು ಯಾರೂ ನೋಡಿರುವುದೇ ಇಲ್ಲ.

ಬಸುರಾಗ್ತಾರಾ?

ಇಲ್ಲ. ನುಂಗಿದರೂ ಇಲ್ಲ. ಹೊಟ್ಟೆಗೂ ಗರ್ಭಕೋಶಕ್ಕೂ ದಾರಿ ಇಲ್ಲ.

ಬಾಯಲ್ಲಿ ಮಾಡಿದವರಿಗೆ ಮಾತ್ರ ಅಪಾಯ, ಮಾಡಿಸಿಕೊಂಡವರಿಗೆ ಏನೂ ಇಲ್ಲ ಅಲ್ವಾ?

ಇಬ್ಬರಿಗೂ ಇದೆ. ಬಾಯಲ್ಲಿ ಮಾಡುವವರಿಗೆ ಎದುರಿನವರ ವೀರ್ಯ, ಯೋನಿಯ ದ್ರವ, ಚರ್ಮ ಎಲ್ಲ ತಾಗುತ್ತದೆ, ಹಾಗಾಗಿ ಅಪಾಯ ಜಾಸ್ತಿ ಅವರಿಗೇ. ಆದರೆ ತುಟಿ ಮೇಲೆ ಹರ್ಪಿಸ್ ಗುಳ್ಳೆ ಇದ್ದವರು ಮಾಡಿದರೆ ಅದು ಎದುರಿನವರ ಗುಪ್ತಾಂಗಕ್ಕೆ ಇಳಿಯುತ್ತದೆ. ಗಂಟಲಲ್ಲಿ ಗೊನೊರಿಯಾ ಇದ್ದವರಿಂದ ಮೂತ್ರನಾಳಕ್ಕೆ ಬರುತ್ತದೆ. ಬಾಯೊಳಗಿನ ಸಿಫಿಲಿಸ್ ಹುಣ್ಣೂ ಹಾಗೇ. "ನಾನು ಸುಮ್ನೆ ಇದ್ದೆ, ನಂಗೆ ಹೆಂಗೆ ಬಂತು" ಅಂತ ಕೇಳುವವರು ತುಂಬ.

ಇದು ಕಾನೂನಿಗೆ ವಿರುದ್ಧ ಅಂತ ಕೇಳಿದ್ದೆ. ಡಾಕ್ಟರ್ ಹತ್ರ ಹೇಳಿದ್ರೆ ಪೊಲೀಸ್ ಕೇಸ್ ಆಗ್ತದಾ?

ಇಬ್ಬರೂ 18 ದಾಟಿದ್ದು, ಇಬ್ಬರಿಗೂ ಒಪ್ಪಿಗೆ ಇದ್ದರೆ ಯಾವ ಕೇಸೂ ಇಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಅಡಿಯಲ್ಲಿ ಗಂಡ ಹೆಂಡತಿ ನಡುವಿನದ್ದನ್ನೂ ಅಪರಾಧ ಅನ್ನಬಹುದಿತ್ತು. ಒಪ್ಪಿಗೆಯಿಂದ ವಯಸ್ಕರ ನಡುವೆ ನಡೆಯುವುದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. 18ರ ಒಳಗಿನವರಾದರೆ ಮಾತು ಬೇರೆ. ಅಲ್ಲಿ ಒಪ್ಪಿಗೆ ಅನ್ನುವುದಕ್ಕೆ ಬೆಲೆ ಇಲ್ಲ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಕಾಯ್ದೆ ಬರುತ್ತದೆ, ಬಾಯಿಂದ ಮಾಡಿದ್ದೂ ಅದರಲ್ಲಿ ಸೇರುತ್ತದೆ.

ಗಂಡ ಹೆಂಡ್ತಿ ಮಧ್ಯೆನೂ ಇದೆಲ್ಲ ಯೋಚ್ನೆ ಬೇಕಾ?

ಇಬ್ಬರಿಗೂ ಬೇರೆ ಸಂಬಂಧ ಇಲ್ಲ, ಇಬ್ಬರೂ ಒಮ್ಮೆ ಟೆಸ್ಟ್ ಮಾಡಿಸಿ ಸರಿ ಇದ್ದೀರಿ ಅಂದರೆ ಕಾಂಡೋಮ್ ಬೇಕಿಲ್ಲ. ಮದುವೆ ಆಗಿದೆ ಅನ್ನುವುದು ಟೆಸ್ಟ್ ರಿಪೋರ್ಟ್ ಆಗುವುದಿಲ್ಲ ಅಷ್ಟೇ. ಜಾತಕ ನೋಡುತ್ತೇವೆ, ಮೇಳಾಮೇಳಿ ನೋಡುತ್ತೇವೆ, ಒಂದು ರಕ್ತ ಪರೀಕ್ಷೆ ಅಂದರೆ ಎರಡೂ ಮನೆಯವರ ಮುಖ ಸಣ್ಣದಾಗುತ್ತದೆ. ಇನ್ನು ತುಟಿಯ ಜ್ವರದ ಗುಳ್ಳೆ, ಅಂದರೆ ಹರ್ಪಿಸ್, ಯಾರಿಗೂ ಇರಬಹುದು, ಅದಕ್ಕೆ ನಿಷ್ಠೆ ಗಿಷ್ಠೆ ಗೊತ್ತಿಲ್ಲ. ಅದು ಎದ್ದ ದಿನಗಳಲ್ಲಿ ಗಂಡ ಹೆಂಡತಿಯೂ ಬಾಯಿ ದೂರ ಇಡಬೇಕು.

ನಂಗೆ ಇಷ್ಟ ಇಲ್ಲ. ಅವ್ರು ಮೊಬೈಲಲ್ಲಿ ನೋಡಿ ಬಂದು ಒತ್ತಾಯ ಮಾಡ್ತಾರೆ

ಇಷ್ಟ ಇಲ್ಲ ಅಂದರೆ ಇಲ್ಲ. ಅದಕ್ಕೆ ರೋಗದ ಕಾರಣ ಕೊಡುವುದೂ ಬೇಕಿಲ್ಲ ತಂಗೀ. ಮದುವೆಯೊಳಗಿನ ಲೈಂಗಿಕ ಹಿಂಸೆಯೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಬರುತ್ತದೆ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯ ಅನ್ನಿಸಿದರೆ 112.

## ಒಂದೊಂದೇ ಕಾಯಿಲೆ

ಎರಡು ವಾರದಿಂದ ಗಂಟಲು ನೋವು. ಗೊನೊರಿಯಾ ಆಗಿರಬಹುದಾ?

ಆಗಿರಬಹುದು. ಆದರೆ ಕಾರವಾರದ ಮಳೆಗಾಲದಲ್ಲಿ ಗಂಟಲು ನೋವಿಗೆ ಕಾರಣ ನೂರು. ನೀವು ತಿಳಿಯಬೇಕಾದದ್ದು ಬೇರೆ: ಗಂಟಲಿನ ಗೊನೊರಿಯಾ ಬಹುತೇಕ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನೋವಿಲ್ಲ, ಜ್ವರ ಇಲ್ಲ, ಕೀವಿಲ್ಲ. ಮೂತ್ರನಾಳಕ್ಕೆ ಬಂದರೆ ಉರಿ, ಕೀವು ಅಂತ ಗಂಡಸರಿಗೆ ಬೇಗ ಗೊತ್ತಾಗುತ್ತದೆ. ಹೆಂಗಸರಿಗೆ ಅದೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಗಂಟಲಲ್ಲಿ ಅದು ಸದ್ದಿಲ್ಲದೆ ಕೂತು ಮುಂದಿನವರಿಗೆ ದಾಟುತ್ತದೆ. ಅಪರೂಪಕ್ಕೆ ರಕ್ತಕ್ಕೆ ಸೇರಿ ಕೀಲುಗಳು ಊದಿಕೊಳ್ಳುವುದೂ ಉಂಟು.

ಗಂಟಲಿನ ಗೊನೊರಿಯಾ ಗುಣ ಮಾಡುವುದು ಬೇರೆ ಕಡೆಯದ್ದಕ್ಕಿಂತ ಕಷ್ಟ, ಯಾಕಂದರೆ ಅಲ್ಲಿಗೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಡಾಕ್ಟರು ಮಾತ್ರೆಗಿಂತ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ. ಮುಗಿದ ಮೇಲೆ ಒಂದೆರಡು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿ ನಿಜಕ್ಕೂ ಹೋಗಿದೆಯಾ ಅಂತ ನೋಡಬೇಕು. ಈ ಎರಡನೇ ಟೆಸ್ಟಿಗೆ ಹೋಗುವವರು ಕಡಿಮೆ. ಹೋಗಿ ಮಾರಾಯ್ರೆ.

ಬಾಯಲ್ಲಿ ಹುಣ್ಣು. ಉಷ್ಣ ಆಗಿದೆ, ಮಜ್ಜಿಗೆ ಕುಡಿ ಅಂತಾರೆ ಆಯಿ. ಹೌದಾ?

ಹೆಚ್ಚಿನ ಸಲ ಆಯಿ ಹೇಳಿದ್ದೇ ಸರಿ. ನಿದ್ದೆಗೇಡು, ಹಲ್ಲು ತಾಗಿದ್ದು, ವಿಟಮಿನ್ ಕಡಿಮೆ ಆಗಿದ್ದು, ಹೀಗೆ ಸಾಮಾನ್ಯ ಬಾಯಿಹುಣ್ಣು ಬರುತ್ತದೆ. ಅದು ನೋಯುತ್ತದೆ, ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ, ಒಂದೆರಡು ವಾರದಲ್ಲಿ ಮಾಯುತ್ತದೆ.

ಸಿಫಿಲಿಸ್ ಹುಣ್ಣು ಬೇರೆ ಥರ. ತುಟಿ, ನಾಲಿಗೆ, ಬಾಯೊಳಗೆ, ಸಾಮಾನ್ಯವಾಗಿ ಒಂದೇ ಒಂದು. ಗಟ್ಟಿ ಅಂಚು. ನೋವೇ ಇಲ್ಲ ಅನ್ನುವಷ್ಟು ಕಡಿಮೆ. ಸಂಪರ್ಕ ಆದ ಮೇಲೆ 10ರಿಂದ 90 ದಿನದ ಒಳಗೆ, ಸಾಮಾನ್ಯವಾಗಿ ಮೂರು ವಾರದ ಸುಮಾರಿಗೆ ಏಳುತ್ತದೆ. 3ರಿಂದ 6 ವಾರದಲ್ಲಿ ಔಷಧಿ ಇಲ್ಲದೆಯೇ ಮಾಯುತ್ತದೆ. ಮೋಸ ಆಗುವುದು ಅಲ್ಲೇ. ಮಜ್ಜಿಗೆ ಕುಡಿದಿರುತ್ತೀರಿ, ಹುಣ್ಣು ಹೋಗಿರುತ್ತದೆ, ಮಜ್ಜಿಗೆಗೆ ಹೆಸರು ಬರುತ್ತದೆ, ರೋಗ ಮಾತ್ರ ಮೈಯೊಳಗೇ ಉಳಿದಿರುತ್ತದೆ. ಕೆಲವು ವಾರ ಬಿಟ್ಟು ಮೈಮೇಲೆ, ಮುಖ್ಯವಾಗಿ ಅಂಗೈ, ಅಂಗಾಲಿನಲ್ಲಿ ಕಲೆಗಳು ಏಳಬಹುದು. ಸಾಮಾನ್ಯವಾಗಿ ಅದು ತುರಿಸುವುದಿಲ್ಲ. ಅದೂ ತಾನಾಗೇ ಹೋಗುತ್ತದೆ. ಹಾಗೇ ಬಿಟ್ಟರೆ ವರ್ಷಗಳ ಮೇಲೆ ಹೃದಯ, ಮಿದುಳು, ಕಣ್ಣಿಗೆ ಪೆಟ್ಟು ಕೊಡಬಹುದು.

ಸಮಾಧಾನದ ವಿಷಯ ಅಂದರೆ ಹೊಸದಾಗಿ ಬಂದ ಸಿಫಿಲಿಸ್‌ಗೆ ಬೆಂಜಥಿನ್ ಪೆನ್ಸಿಲಿನ್ ಇಂಜೆಕ್ಷನ್ ಒಂದೇ ಡೋಸ್ ಸಾಕು. ಎಷ್ಟೋ ದಶಕಗಳ ಹಳೆಯ ಔಷಧಿ, ಇವತ್ತಿಗೂ ಅದೇ ಗಟ್ಟಿ. ಪೆನ್ಸಿಲಿನ್ ಆಗದವರಿಗೆ ಬೇರೆ ಔಷಧಿ ಇದೆ, ಮೊದಲೇ ಹೇಳಿ. ಲೆಕ್ಕ ಇಷ್ಟೇ: ಬಾಯಿಹುಣ್ಣು ನೋಯುತ್ತಿಲ್ಲ ಅಂದರೆ ಅಥವಾ ಮೂರು ವಾರ ಆದರೂ ಮಾಯುತ್ತಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ. ಮಾಯದ ಹುಣ್ಣು ಕ್ಯಾನ್ಸರ್ ಕೂಡ ಇರಬಹುದು.

ತುಟಿ ಮೇಲೆ ಆಗಾಗ ಜ್ವರದ ಗುಳ್ಳೆ ಏಳ್ತದೆ. ಅದೂ ಗುಪ್ತರೋಗವಾ? ಸರ್ಪಸುತ್ತಾ?

ಅದು ಹರ್ಪಿಸ್, ಒಂದನೇ ಬಗೆಯದ್ದು. ಸರ್ಪಸುತ್ತು ಬೇರೆ, ಅದು ಚಿಕನ್‌ಪಾಕ್ಸ್ ವೈರಸ್ಸಿನದ್ದು. ತುಟಿಯ ಹರ್ಪಿಸ್ ಬಂದವರೆಲ್ಲ ಏನೋ ಮಾಡಿದ್ದಾರೆ ಅಂತ ಅರ್ಥ ಅಲ್ಲ. ಹೆಚ್ಚಿನವರಿಗೆ ಚಿಕ್ಕವರಿದ್ದಾಗ ಮನೆಯವರ ಮುತ್ತಿನಿಂದಲೇ ಬಂದಿರುತ್ತದೆ. ಲೋಕದಲ್ಲಿ 50 ವರ್ಷದ ಒಳಗಿನವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರಿಗೆ ಈ ವೈರಸ್ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸಮಸ್ಯೆ ಅದನ್ನು ಬಾಯಿಂದ ಗುಪ್ತಾಂಗಕ್ಕೆ ದಾಟಿಸಿದಾಗ. ತುಟಿ ಚುರುಚುರು ಅನ್ನಲು ಶುರುವಾದಾಗಿಂದ ಗುಳ್ಳೆ ಒಣಗಿ ಹಕ್ಕಳೆ ಉದುರುವವರೆಗೆ ಓರಲ್ ಸೆಕ್ಸ್ ಬೇಡ, ಮುತ್ತೂ ಬೇಡ. ಗುಳ್ಳೆ ಇಲ್ಲದಾಗಲೂ ಕೆಲವೊಮ್ಮೆ ವೈರಸ್ ಹೊರಗೆ ಬರುತ್ತಿರುತ್ತದೆ, ಹಾಗಾಗಿ ಪೂರ್ತಿ ತಪ್ಪಿಸುವ ಉಪಾಯ ಇಲ್ಲ. ಮೈಯಿಂದ ಪೂರ್ತಿ ತೆಗೆದುಹಾಕುವ ಔಷಧಿಯೂ ಇಲ್ಲ. ಅಸೈಕ್ಲೊವಿರ್‌ನಂಥ ಮಾತ್ರೆ ಬೇಗ ಶುರು ಮಾಡಿದರೆ ಗುಳ್ಳೆ, ನೋವು ಬೇಗ ಇಳಿಯುತ್ತವೆ. ಗುಪ್ತಾಂಗಕ್ಕೆ ಬಂದ ಒಂದನೇ ಬಗೆ, ಹೆಚ್ಚಾಗಿ ಗುಪ್ತಾಂಗದಲ್ಲೇ ಕಾಣುವ ಎರಡನೇ ಬಗೆಯಷ್ಟು ಸಲ ಮರಳುವುದಿಲ್ಲ.

ಗಂಟಲ ಕ್ಯಾನ್ಸರ್ ಬರ್ತದೆ ಅಂತ ಓದಿದೆ. ಹೆದರಿಸೋಕೆ ಬರೀತಾರಾ, ನಿಜವಾ?

ನಿಜ, ಆದರೆ ಪೂರ್ತಿ ಓದಬೇಕು. ಎಚ್‌ಪಿವಿ ಅನ್ನುವ ವೈರಸ್ ಗುಂಪಿನಲ್ಲಿ 16ನೇ ಬಗೆ ಗಂಟಲ ಹಿಂಭಾಗ, ಟಾನ್ಸಿಲ್, ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ತರಬಲ್ಲದು. ಹೆಂಗಸರ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೂ ಇದೇ ಮುಖ್ಯ ಕಾರಣ. ಬಾಯಿಗೆ ಬರುವುದು ಹೆಚ್ಚಾಗಿ ಓರಲ್ ಸೆಕ್ಸ್‌ನಿಂದ. ಆದರೆ ಬಾಯಿಗೆ ಎಚ್‌ಪಿವಿ ಬಂದವರಲ್ಲಿ ಹೆಚ್ಚಿನವರ ಮೈ ಅದನ್ನು ಒಂದೆರಡು ವರ್ಷದಲ್ಲಿ ತಾನೇ ಓಡಿಸುತ್ತದೆ. ಉಳಿದುಕೊಂಡ ಕೆಲವರಲ್ಲಿ, ಅದೂ ಎಷ್ಟೋ ವರ್ಷಗಳ ಮೇಲೆ, ಕ್ಯಾನ್ಸರ್ ಆಗಬಹುದು. ಅಮೆರಿಕದಲ್ಲಿ ಗಂಟಲ ಹಿಂಭಾಗದ ಕ್ಯಾನ್ಸರಿನ ಬಹುಪಾಲು ಈಗ ಎಚ್‌ಪಿವಿಯದ್ದು.

ನಮ್ಮಲ್ಲಿ ಕಥೆ ಬೇರೆ. ನಮ್ಮ ಬಾಯಿ, ಗಂಟಲ ಕ್ಯಾನ್ಸರಿಗೆ ದೊಡ್ಡ ಕಾರಣ ತಂಬಾಕು, ಗುಟ್ಕಾ, ಬೀಡಿ, ಸಾರಾಯಿ ಮತ್ತು ಅಡಿಕೆ. ಅಡಿಕೆ ಬೆಳೆದು ಊಟ ಮಾಡುವ ಸೀಮೆಯಲ್ಲಿ ಇದನ್ನು ಹೇಳಿದರೆ ಶಿರಸಿಯ ಕಡೆಯವರು ಮುನಿಸಿಕೊಳ್ಳುತ್ತಾರೆ, ನನಗೆ ಗೊತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ 2004ರಲ್ಲೇ ಪ್ರಕಟಿಸಿದೆ. ದಿನಕ್ಕೆ ಹತ್ತು ಕವಳ (ಎಲೆ ಅಡಿಕೆ) ಹಾಕುತ್ತಾ, ಹೊಗೆಸೊಪ್ಪು ಸೇರಿಸುತ್ತಾ, ಓರಲ್ ಸೆಕ್ಸ್‌ನಿಂದ ಕ್ಯಾನ್ಸರ್ ಬಂದೀತಾ ಅಂತ ಕೇಳುವವರಿಗೆ ನನ್ನ ಉತ್ತರ: ಮೊದಲು ಕವಳ ಬಿಡಿ. ಗುಟ್ಕಾ, ಕವಳದಿಂದ ಬಾಯೊಳಗಿನ ಚರ್ಮ ಸುಟ್ಟು ಸುಲಿದಿರುತ್ತದೆ, ಸೋಂಕು ಒಳಹೋಗಲು ಅದೂ ದಾರಿ.

ಎಚ್‌ಪಿವಿಗೆ ಲಸಿಕೆ ಇದೆ. ನಮ್ಮಲ್ಲೇ ತಯಾರಾದ ಸರ್ವಾವ್ಯಾಕ್ 2023ರಲ್ಲಿ ಬಂತು, ಅದಕ್ಕಿಂತ ಮೊದಲಿಂದ ಗಾರ್ಡಾಸಿಲ್ ಇದೆ. ಲೈಂಗಿಕ ಜೀವನ ಶುರುವಾಗುವ ಮೊದಲೇ, 9ರಿಂದ 14ರೊಳಗೆ ಹಾಕಿಸಿದರೆ ಉತ್ತಮ. ಹುಡುಗಿಯರಿಗೆ ಮಾತ್ರ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಗಂಟಲ ಕ್ಯಾನ್ಸರ್ ಗಂಡಸರಿಗೇ ಜಾಸ್ತಿ, ಹುಡುಗರಿಗೂ ಲಸಿಕೆ ಕೊಡುತ್ತಾರೆ. 26ರವರೆಗೆ ಸಾಮಾನ್ಯವಾಗಿ ಹಾಕಿಸಿಕೊಳ್ಳಬಹುದು, ಆಮೇಲಿನವರು ಡಾಕ್ಟರನ್ನು ಕೇಳಿ. ಈಗಾಗಲೇ ಬಂದ ಸೋಂಕನ್ನು ಲಸಿಕೆ ಗುಣ ಮಾಡುವುದಿಲ್ಲ.

ಕಾಮಾಲೆ ಕೂಡ ಹೀಗೆ ಬರ್ತದಾ?

ಗುದದ್ವಾರಕ್ಕೆ ಬಾಯಿ ತಾಗಿದರೆ ಹೆಪಟೈಟಿಸ್ ಎ ಬರಬಹುದು. ಕೊಳಕು ನೀರಿನಿಂದ ಬರುವ ಕಾಮಾಲೆಯೇ ಅದು. ರಕ್ತಭೇದಿ ತರುವ ಬ್ಯಾಕ್ಟೀರಿಯಾ, ಹೊಟ್ಟೆಹುಳ ಕೂಡ ಅದೇ ದಾರಿಯಲ್ಲಿ ಬರುತ್ತವೆ. ಹೆಪಟೈಟಿಸ್ ಬಿ ವೀರ್ಯ, ರಕ್ತದಲ್ಲಿ ಇರುತ್ತದೆ, ಓರಲ್ ಸೆಕ್ಸ್‌ನಿಂದ ಬರುವುದು ಕಡಿಮೆ, ಆದರೆ ಗಾಯ, ರಕ್ತ ಇದ್ದರೆ ಸಾಧ್ಯ. ಎರಡಕ್ಕೂ ಲಸಿಕೆ ಇದೆ. ಬಿ ಲಸಿಕೆ ದೊಡ್ಡವರಿಗೆ ಸಾಮಾನ್ಯವಾಗಿ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕಾಮಾಲೆ ಅಂದ ತಕ್ಷಣ ನಾಟಿ ಔಷಧಿಗೆ ಓಡುವ ಅಭ್ಯಾಸ ನಮ್ಮ ಕಡೆ ಇದೆ. ಯಾವ ಕಾಮಾಲೆ ಅಂತ ರಕ್ತ ಪರೀಕ್ಷೆ ಮಾಡಿಸದೆ ಹೋಗಬೇಡಿ.

ಅವರ ಲೋಟದಲ್ಲಿ ನೀರು ಕುಡಿದೆ. ಗೊನೊರಿಯಾ, ಸಿಫಿಲಿಸ್ ಬರ್ತದಾ?

ಇಲ್ಲ. ಲೋಟ, ತಟ್ಟೆ, ಟಾಯ್ಲೆಟ್ ಸೀಟು, ಟವೆಲ್, ಕೆರೆಯ ಈಜು, ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

## ಕಾಪಾಡಿಕೊಳ್ಳುವುದು

ಬಾಯಿಗೆ ಕಾಂಡೋಮಾ? ರಬ್ಬರ್ ರುಚಿ ಯಾರಿಗೆ ಬೇಕು?

ಅದಕ್ಕೇ ಫ್ಲೇವರ್ ಇರುವ ಕಾಂಡೋಮ್ ಇರುವುದು. ಸ್ಟ್ರಾಬೆರಿ, ಚಾಕಲೇಟ್ ಅಂತ ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವುದು ಅಲಂಕಾರಕ್ಕಲ್ಲ. ಶುರುವಿಂದ ಕೊನೆಯವರೆಗೆ ಹಾಕಿರಬೇಕು, ಕೊನೆಯ ಐದು ನಿಮಿಷಕ್ಕಲ್ಲ. ಬಾಯಿ ಆದಮೇಲೆ ಯೋನಿ ಅಥವಾ ಗುದಕ್ಕೆ ಹೋಗುವಾಗ ಹೊಸದನ್ನು ಹಾಕಿ. ಕೆಲವು ಫ್ಲೇವರ್‌ಗಳಲ್ಲಿನ ಸಿಹಿ ಯೋನಿಯಲ್ಲಿ ತುರಿಕೆ, ಬಿಳಿಸೆರಗು ತರಬಹುದು.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ: ತೆಂಗಿನೆಣ್ಣೆ ಬೇಡ. ಅಡುಗೆಗೆ, ತಲೆಗೆ, ಗಾಯಕ್ಕೆ, ಎಲ್ಲದಕ್ಕೂ ಅದೇ ಅಲ್ವಾ ನಮಗೆ, ಹಾಗಾಗಿ ಇಲ್ಲಿಗೂ ಅದೇ ಬರುತ್ತದೆ. ಎಣ್ಣೆ, ವ್ಯಾಸಲೀನ್ ಯಾವುದೇ ತಾಗಿದರೂ ಲ್ಯಾಟೆಕ್ಸ್ ಕೆಲವೇ ನಿಮಿಷದಲ್ಲಿ ದುರ್ಬಲವಾಗಿ ಹರಿಯುತ್ತದೆ. ಜಾರಿಕೆ ಬೇಕಿದ್ದರೆ ನೀರು ಆಧಾರದ ಜೆಲ್ ಕೇಳಿ.

ಹೆಣ್ಣಿಗೆ ಬಾಯಿಂದ ಮಾಡುವಾಗ ಎಂತ ಹಾಕೋದು?

ಅದಕ್ಕೆ ಡೆಂಟಲ್ ಡ್ಯಾಮ್ ಅನ್ನುವ ತೆಳು ಹಾಳೆ ಇದೆ. ಕುಮಟಾದ ಮೆಡಿಕಲ್‌ನಲ್ಲಿ ಕೇಳಿದರೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿಯಾರು. ಬದಲಿಗೆ ಹೊಸ ಕಾಂಡೋಮಿನ ತುದಿ, ಬುಡದ ಉಂಗುರ ಎರಡನ್ನೂ ಕತ್ತರಿಸಿ, ಉದ್ದಕ್ಕೆ ಸೀಳಿ ಬಿಡಿಸಿದರೆ ಚೌಕದ ಹಾಳೆ ಸಿಗುತ್ತದೆ. ಅದನ್ನು ಮಧ್ಯೆ ಹಿಡಿದುಕೊಳ್ಳುವುದು. ಒಂದು ಬದಿ ಬಾಯಿಗೆ, ಇನ್ನೊಂದು ಬದಿ ಯೋನಿಗೆ, ತಿರುಗಿಸಬಾರದು. ಗುದದ್ವಾರಕ್ಕೆ ಬೇರೆಯದೇ ಬೇಕು. ಮುಟ್ಟಿನ ದಿನಗಳಲ್ಲಿ ಇದಿಲ್ಲದೆ ಬೇಡ.

ಮೊದಲು ಹಲ್ಲುಜ್ಜಿ, ಆಮೇಲೆ ಮೌತ್‌ವಾಶ್ ಹಾಕಿದ್ರೆ ಸಾಕಲ್ವಾ? ಉಪ್ಪುನೀರು?

ಮೌತ್‌ವಾಶ್ ಕಾಪಾಡುವುದಿಲ್ಲ. ಉಪ್ಪುನೀರೂ ಅಷ್ಟೇ. ಹಲ್ಲುಜ್ಜುವುದು ತಿರುಗುಬಾಣ ಆಗಬಹುದು, ಯಾಕಂದರೆ ಗಟ್ಟಿಯಾಗಿ ಬ್ರಷ್ ಮಾಡಿದಾಗ ವಸಡಿನಲ್ಲಿ ಕಣ್ಣಿಗೆ ಕಾಣದ ಗಾಯಗಳಾಗುತ್ತವೆ. ಮೊದಲು ಬಾಯಿ ವಾಸನೆ ಅನ್ನಿಸಿದರೆ ಬರೀ ನೀರಿನಲ್ಲಿ ಮುಕ್ಕಳಿಸಿ. ಹಲ್ಲು ಕೀಳಿಸಿದ ವಾರ, ಬಾಯಿಹುಣ್ಣಿದ್ದಾಗ ಬಿಟ್ಟುಬಿಡಿ.

ನುಂಗದೆ ಉಗಿದ್ರೆ ಅಪಾಯ ಕಡಿಮೆಯಾ?

ವೀರ್ಯ ಬಾಯಿಗೇ ಬರದಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಅಪಾಯ ಕಡಿಮೆ. ಬಾಯಿಗೆ ಬಂದ ಮೇಲೆ ನುಂಗಿದರೂ ಉಗಿದರೂ ಹೆಚ್ಚು ವ್ಯತ್ಯಾಸ ಇಲ್ಲ, ಬಾಯಲ್ಲಿ ಹೊತ್ತು ಇಟ್ಟುಕೊಳ್ಳದಿದ್ದರೆ ಸರಿ. ಹರ್ಪಿಸ್, ಸಿಫಿಲಿಸ್, ಎಚ್‌ಪಿವಿಗಳಿಗೆ ಚರ್ಮ ತಾಗಿದರೆ ಸಾಕು, ವೀರ್ಯ ಬೇಕೇ ಇಲ್ಲ.

ಮೆಡಿಕಲ್ ಅಂಗಡಿಯವ್ರು ಅಪ್ಪನ ಗುರ್ತಿನವ್ರು. ಕಾಂಡೋಮ್ ಹೆಂಗೆ ಕೇಳೋದು?

ಸಣ್ಣ ಊರಿನ ದೊಡ್ಡ ತಲೆನೋವು ಇದು. ಅಂಕೋಲೆಯವರು ಕಾರವಾರದಲ್ಲಿ ಕೊಳ್ಳಿ, ಸಿದ್ದಾಪುರದವರು ಶಿರಸಿಯಲ್ಲಿ. ಆನ್‌ಲೈನ್‌ನಲ್ಲಿ ತರಿಸಿದರೆ ಹೊರಗೆ ಹೆಸರಿಲ್ಲದ ಡಬ್ಬದಲ್ಲಿ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ನಿರೋಧ್ ಪುಕ್ಕಟೆ ಸಿಗುತ್ತದೆ. ಒಂದು ಮಾತು: ಬೈಕಿನ ಪೆಟ್ಟಿಗೆಯಲ್ಲಿ, ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ನಮ್ಮ ಸೆಖೆಗೆ ಅದು ಹಾಳಾಗುತ್ತದೆ.

## ಟೆಸ್ಟ್, ಡಾಕ್ಟರ್, ಔಷಧಿ

ಮೂತ್ರ ಟೆಸ್ಟ್ ನಾರ್ಮಲ್ ಬಂತು. ಇನ್ನು ಚಿಂತೆ ಇಲ್ಲ ಅಲ್ವಾ?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ. ಮೂತ್ರದ ಟೆಸ್ಟ್ ಮೂತ್ರನಾಳದ ಸೋಂಕನ್ನು ಮಾತ್ರ ತೋರಿಸುತ್ತದೆ. ಗಂಟಲಲ್ಲಿ ಗೊನೊರಿಯಾ ಕೂತಿದ್ದರೆ ಮೂತ್ರದಲ್ಲಿ ಕಾಣುವುದಿಲ್ಲ, ರಕ್ತದಲ್ಲೂ ಕಾಣುವುದಿಲ್ಲ. ಅದಕ್ಕೆ ಗಂಟಲಿನ ಸ್ವಾಬ್ ಬೇಕು. ಕೋವಿಡ್ ಕಾಲದಲ್ಲಿ ಕಡ್ಡಿ ಹಾಕಿ ತೆಗೆದರಲ್ಲ, ಹಾಗೇ. ಅದನ್ನು ನಾಟ್ ಅಥವಾ ಪಿಸಿಆರ್ ಅನ್ನುವ ವಿಧಾನದಲ್ಲಿ ನೋಡುತ್ತಾರೆ. ನೀವು ಓರಲ್ ಸೆಕ್ಸ್ ಅಂತ ಬಾಯಿಬಿಟ್ಟು ಹೇಳದೆ ಡಾಕ್ಟರು ತಾವಾಗೇ ಗಂಟಲ ಸ್ವಾಬ್ ಬರೆಯುವುದಿಲ್ಲ. ಎಲ್ಲ ಲ್ಯಾಬಿನಲ್ಲೂ ಈ ಟೆಸ್ಟ್ ಇರುವುದಿಲ್ಲ, ಮಾದರಿ ತೆಗೆದು ದೊಡ್ಡ ಊರಿಗೆ ಕಳಿಸಬೇಕಾಗಬಹುದು. ಮೊದಲೇ ಫೋನ್ ಮಾಡಿ ಕೇಳಿ.

ಯಾವ ಟೆಸ್ಟ್ ಯಾವಾಗ? ನಾಳೆನೇ ಹೋಗ್ಲಾ?

ನಾಳೆ ಹೋದರೆ ಸುಳ್ಳು ಸಮಾಧಾನ ಸಿಗಬಹುದು. ಗೊನೊರಿಯಾ, ಕ್ಲಮೈಡಿಯಾಕ್ಕೆ ಎರಡು ವಾರ ಕಾಯಿರಿ. ಎಚ್‌ಐವಿಗೆ ಲ್ಯಾಬಿನ ನಾಲ್ಕನೇ ತಲೆಮಾರಿನ ಟೆಸ್ಟ್ ಆದರೆ ಆರೂವರೆ ವಾರಕ್ಕೆ ಬಹುತೇಕ ಖಚಿತ. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್ ಆದರೆ ಮೂರು ತಿಂಗಳಿಗೆ ಇನ್ನೊಮ್ಮೆ. ಸಿಫಿಲಿಸ್‌ಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಅನ್ನುವ ಅಗ್ಗದ ರಕ್ತ ಪರೀಕ್ಷೆ: ಆರು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ. ಹುಣ್ಣು, ಕೀವು, ಕಲೆ ಏನಾದರೂ ಕಂಡರೆ ಈ ಲೆಕ್ಕ ಬಿಟ್ಟು ಅವತ್ತೇ ಹೋಗಿ.

ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವರಿಗೆ ಜೂನ್, ಜುಲೈನ 61 ದಿನದ ನಿಷೇಧ ಒಳ್ಳೆಯ ಅವಕಾಶ. ಬಲೆ ರಿಪೇರಿ ನಡುವೆ ಒಂದು ಬೆಳಿಗ್ಗೆ ಸಾಕು.

ಎಲ್ಲಿ ಹೋಗೋದು? ಗುರ್ತಿನವ್ರು ಸಿಕ್ಕಿದ್ರೆ ಎಂತ ಹೇಳೋದು?

ಕಾರವಾರದ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನ ಜೊತೆಗಿದೆ. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, ಉಳಿದ ಕಡೆ ತಾಲ್ಲೂಕು ಆಸ್ಪತ್ರೆಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಐಸಿಟಿಸಿ ಅಂತ ಕೇಳಿ, ಎಚ್‌ಐವಿ ಟೆಸ್ಟ್ ಮತ್ತು ಆಪ್ತ ಸಲಹೆ ಅಲ್ಲಿ ಪುಕ್ಕಟೆ. ಲೈಂಗಿಕ ರೋಗಕ್ಕೆ ಸುರಕ್ಷಾ ಕ್ಲಿನಿಕ್ ಅಂತ ಕೇಳಿ. ಯಾವ ಆಸ್ಪತ್ರೆಯಲ್ಲಿ ಏನಿದೆ ಅಂತ ತಿಳಿಯಲು 1097ಕ್ಕೆ ಫೋನ್ ಮಾಡಿ, ಪುಕ್ಕಟೆ, ಹೆಸರು ಹೇಳಬೇಕಿಲ್ಲ. ಖಾಸಗಿಯಲ್ಲಾದರೆ ಚರ್ಮರೋಗದ ಡಾಕ್ಟರೇ ಲೈಂಗಿಕ ರೋಗದ ಡಾಕ್ಟರೂ ಹೌದು. ದೊಡ್ಡ ಟೆಸ್ಟಿಗೆ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡುವುದು ನಮ್ಮ ಜಿಲ್ಲೆಯ ಹಣೆಬರಹ, ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ಹೋರಾಟ ಆದರೂ.

ಗುರ್ತಿನವರು ಸಿಕ್ಕರೆ "ತುರಿಕೆಗೆ ತೋರಿಸೋಕೆ ಬಂದೆ" ಅನ್ನಿ. ಅರ್ಧ ಊರು ಮಳೆಗಾಲದಲ್ಲಿ ತುರಿಸಿಕೊಳ್ಳುತ್ತಲೇ ಇರುತ್ತದೆ. ಎಚ್‌ಐವಿ ಬಗ್ಗೆಯಂತೂ 2017ರ ಕಾಯ್ದೆ ಇದೆ: ಕಾಯ್ದೆಯೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ರಿಸಲ್ಟನ್ನು ಬೇರೆಯವರಿಗೆ ಹೇಳುವಂತಿಲ್ಲ.

ಡಾಕ್ಟರ್ ಎದ್ರು ಆ ಶಬ್ದ ಬಾಯಿಗೇ ಬರೋದಿಲ್ಲ

ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಹೀಗೆ: "ಇಂಥ ತಾರೀಖು, ಕಾಂಡೋಮ್ ಇಲ್ಲದೆ ಓರಲ್ ಸೆಕ್ಸ್ ಆಗಿದೆ. ನನ್ನ ಬಾಯಿಂದ, ಅಥವಾ ಅವರ ಬಾಯಿಂದ. ಗಂಟಲ ಟೆಸ್ಟ್ ಬೇಕಾ?" ಇಷ್ಟು ಸಾಕು. ಯಾರ ಜೊತೆ, ಯಾಕೆ ಅನ್ನುವುದು ಬೇಕಿಲ್ಲ. ಬುದ್ಧಿವಾದ ಶುರು ಮಾಡಿದರೆ ಡಾಕ್ಟರನ್ನೇ ಬದಲಾಯಿಸಿ, ಟೆಸ್ಟ್ ಮಾತ್ರ ಬಿಡಬೇಡಿ.

ಗೆಳೆಯ ಅಜಿತ್ರೋಮೈಸಿನ್ ತಗೋ ಸಾಕು ಅಂದ. ಮೆಡಿಕಲ್‌ನಲ್ಲಿ ಚೀಟಿ ಇಲ್ದೆ ಕೊಡ್ತಾರೆ

ತಗೊಳ್ಳಬೇಡ ತಮಾ. ಗೊನೊರಿಯಾ ಒಂದಾದ ಮೇಲೊಂದು ಔಷಧಿಗೆ ಬಗ್ಗದೆ ನಿಂತಿದೆ, ಅಜಿತ್ರೋಮೈಸಿನ್ ಒಂದನ್ನೇ ನಂಬುವ ಹಾಗಿಲ್ಲ. ಅರೆಬರೆ ಔಷಧಿಯಿಂದ ಲಕ್ಷಣ ಮುಚ್ಚಿಹೋಗುತ್ತದೆ, ಟೆಸ್ಟ್ ತಪ್ಪು ಹೇಳುತ್ತದೆ, ರೋಗ ಉಳಿಯುತ್ತದೆ. ಗೆಳೆಯನಿಗೆ ಗುಣ ಆಗಿದ್ದು ಅವನಿಗೆ ಇದ್ದ ರೋಗ. ನಿನಗೆ ಇರುವುದು ಯಾವುದು ಅಂತ ಅವನಿಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ.

## ಸ್ವಲ್ಪ ಮುಂದಿನ ಪ್ರಶ್ನೆಗಳು

72 ಗಂಟೆ ಒಳಗೆ ಮಾತ್ರೆ ತಗೊಂಡ್ರೆ ಎಚ್‌ಐವಿ ಬರೋದಿಲ್ಲ ಅಂತಾರೆ. ನಾನೂ ತಗೊಳ್ಳಲಾ?

ಅದು ಪೆಪ್. 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಶುರು ಮಾಡಿ 28 ದಿನ ನುಂಗಬೇಕು. ಬರೀ ಓರಲ್ ಸೆಕ್ಸ್ ಆಗಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಾಯಲ್ಲಿ ಗಾಯ ಇದ್ದು, ಎದುರಿನವರು ಪಾಸಿಟಿವ್, ಔಷಧಿ ತಗೊಳ್ಳುತ್ತಿಲ್ಲ ಅಂತ ಗೊತ್ತಿದ್ದು, ಬಾಯಿಗೆ ವೀರ್ಯ ಹೋಗಿದ್ದರೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ ಕೇಳಿ. ಬಲಾತ್ಕಾರ ಆಗಿದ್ದರಂತೂ ತಡ ಮಾಡಲೇಬಾರದು.

ನಂಗೆ ಸಿಫಿಲಿಸ್ ಅಂತ ಬಂತು. ಹೆಂಡ್ತಿಗೆ ಹೆಂಗೆ ಹೇಳೋದು? ಹೇಳ್ಲೇಬೇಕಾ?

ಹೇಳಲೇಬೇಕು. ನೀವೊಬ್ಬರೇ ಇಂಜೆಕ್ಷನ್ ತಗೊಂಡರೆ ಅವರಿಂದ ನಿಮಗೆ ಮತ್ತೆ ಬರಬಹುದು. ಅವರು ಬಸುರಾದರೆ ಮಗುವಿಗೂ ಹೋಗಬಹುದು. ಹೊಟ್ಟೆಯಲ್ಲೇ ಮಗು ತೀರಿಹೋಗುವುದೂ ಉಂಟು. ಜಗಳ ಆಗುತ್ತದೆ, ಆಗದೆ ಇರುವುದಿಲ್ಲ. ಐಸಿಟಿಸಿ ಅಥವಾ ಸುರಕ್ಷಾ ಕ್ಲಿನಿಕ್‌ನ ಆಪ್ತ ಸಲಹೆಗಾರರ ಎದುರು ಇಬ್ಬರೂ ಕೂತು ಮಾತಾಡಿದರೆ ಮನೆಯಲ್ಲಿ ಅತ್ತೆ ಮಾವನ ಎದುರು ಮಾತಾಡುವುದಕ್ಕಿಂತ ಸುಲಭ. ಇಬ್ಬರ ಚಿಕಿತ್ಸೆ ಮುಗಿದು ಡಾಕ್ಟರು ಸರಿ ಅನ್ನುವವರೆಗೆ ಸೆಕ್ಸ್ ಬೇಡ. ಇನ್ನೊಂದು ಮಾತು: ಮೊದಲು ಯಾರಿಂದ ಬಂತು ಅಂತ ಟೆಸ್ಟಿನಿಂದ ಹೇಳುವುದಕ್ಕೆ ಆಗುವುದಿಲ್ಲ. ಅದನ್ನು ಹಿಡಿದು ಹೆಂಡತಿಯ ಮೇಲೆ ಹಾಕಬೇಡಿ.

ಬಸುರಿ ಇದ್ದಾಗ ಮಾಡಬಹುದಾ?

ಮಾಡಬಹುದು, ಎರಡು ಬಿಟ್ಟು. ಯೋನಿಯೊಳಗೆ ಬಾಯಿಂದ ಗಾಳಿ ಊದಲೇಬಾರದು. ಗಾಳಿ ರಕ್ತನಾಳಕ್ಕೆ ಸೇರಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಅಪರೂಪ, ಆದರೆ ಒಮ್ಮೆ ಹಾಗಾಯಿತು ಅಂದರೆ ಸಮಯ ಸಿಗುವುದಿಲ್ಲ. ಎರಡನೆಯದು, ಗಂಡನಿಗೆ ತುಟಿಯಲ್ಲಿ ಜ್ವರದ ಗುಳ್ಳೆ ಬರುವ ಅಭ್ಯಾಸ ಇದ್ದರೆ ಕೊನೆಯ ಮೂರು ತಿಂಗಳು ಪೂರ್ತಿ ಬಿಡಿ. ಆ ಹೊತ್ತಿನಲ್ಲಿ ತಾಯಿಗೆ ಹೊಸದಾಗಿ ಹರ್ಪಿಸ್ ಬಂದರೆ ಹೆರಿಗೆಯಲ್ಲಿ ಮಗುವಿಗೆ ತಾಗಬಹುದು, ಎಳೆ ಮಗುವಿಗೆ ಅದು ತುಂಬ ಕೆಟ್ಟದ್ದು.

ನಾನು ಗಂಡಸು, ಗಂಡಸರ ಜೊತೆ. ಕಾಂಡೋಮ್ ಹಾಕಿಯೇ ಮಾಡೋದು, ಓರಲ್ ಮಾತ್ರ ಹಾಗೇ. ಎಷ್ಟು ಸಲ ಟೆಸ್ಟ್?

ಸಂಗಾತಿಗಳು ಬದಲಾಗುತ್ತಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ: ಎಚ್‌ಐವಿ, ಸಿಫಿಲಿಸ್ ರಕ್ತ ಪರೀಕ್ಷೆ, ಮೂತ್ರ, ಗಂಟಲ ಸ್ವಾಬ್, ಅಗತ್ಯ ಇದ್ದರೆ ಗುದದ ಸ್ವಾಬ್. ಸಿಫಿಲಿಸ್ ಮತ್ತು ಗಂಟಲಿನ ಗೊನೊರಿಯಾ ನಿಮ್ಮ ಈ "ಹಾಗೇ" ಅನ್ನುವ ಭಾಗದಿಂದಲೇ ಬರುವುದು. ಹೆಪಟೈಟಿಸ್ ಎ, ಬಿ ಲಸಿಕೆ ಹಾಕಿಸಿ, ಎಚ್‌ಪಿವಿ ಲಸಿಕೆಗೆ ವಯಸ್ಸಿದ್ದರೆ ಅದನ್ನೂ. ಎಚ್‌ಐವಿ ಬರದ ಹಾಗೆ ಮೊದಲೇ ತಗೊಳ್ಳುವ ಪ್ರೆಪ್ ಮಾತ್ರೆ ಇಲ್ಲೂ ಸಿಗುತ್ತದೆ, ಡಾಕ್ಟರು ಬರೆದುಕೊಡಬೇಕು. ಆದರೆ ಅದು ಎಚ್‌ಐವಿಗೆ ಮಾತ್ರ.

ನಾವಿಬ್ರೂ ಮದ್ವೆ ಆಗ್ಬೇಕು. ಅವ್ರಿಗೆ ಎಚ್‌ಐವಿ ಇದೆ, ದಿನಾ ಮಾತ್ರೆ ತಗೊಳ್ತಾರೆ. ಓರಲ್ ಸೆಕ್ಸ್ ಮಾಡಬಹುದಾ?

ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ತಪ್ಪದೆ ತಗೊಂಡು, ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿದು ಹಾಗೇ ಉಳಿದಿದ್ದರೆ ಸೆಕ್ಸ್‌ನಿಂದ ನಿಮಗೆ ಎಚ್‌ಐವಿ ಬರುವುದಿಲ್ಲ. ಓರಲ್ ಒಂದೇ ಅಲ್ಲ, ಯಾವ ಸೆಕ್ಸ್‌ನಿಂದಲೂ. ದೊಡ್ಡ ಅಧ್ಯಯನಗಳಲ್ಲಿ ಗಟ್ಟಿಯಾದ ಮಾತು ಇದು. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ರಿಪೋರ್ಟ್ ಇಬ್ಬರೂ ಕೂತು ನೋಡಿ, ಎಆರ್‌ಟಿ ಕೇಂದ್ರದ ಡಾಕ್ಟರ ಹತ್ತಿರ ಒಟ್ಟಿಗೆ ಹೋಗಿ. ಉಳಿದ ಸೋಂಕುಗಳ ಟೆಸ್ಟ್ ಇಬ್ಬರೂ ಮಾಡಿಸಿ, ಅದಕ್ಕೆ ಆ ಮಾತ್ರೆ ತಡೆ ಅಲ್ಲ. ಮಕ್ಕಳ ಬಗ್ಗೆಯೂ ಅಲ್ಲೇ ಕೇಳಿಬಿಡಿ, ಸರಿಯಾದ ಚಿಕಿತ್ಸೆ ಇದ್ದರೆ ಅದಕ್ಕೂ ಅಡ್ಡಿ ಇಲ್ಲ.